ಬಿಳಿ ಕಲ್ಲಿನ ಹಣೆಗೆ ಕುಂಕುಮ

ಹಿಂದೂಪುರ

ಐರ್ಲೆಂಡಿನಲ್ಲಿ ಏನು ನೋಡಿದಿರಿ ಎಂದು ಕೇಳಿದವರಿಗೆ ‘ಒಂದು ಗವಿ ನೋಡಿದೆ’ ಎನ್ನುತ್ತೇನೆ. ಕೇಳಿದವರ ಮುಖ ಸಪ್ಪಗಾಗುತ್ತದೆ. ನಮ್ಮ ಬೀದಿಯಲ್ಲಿ ಹುಣಸೆಹಣ್ಣಿನ ಮಂಡಿ ಇಟ್ಟಿರುವ ನಾಗಪ್ಪನವರಂತೂ ಮುಚ್ಚುಮರೆ ಇಲ್ಲದೆ ಕೇಳಿಯೇಬಿಟ್ಟರು: “ಗವಿ ನೋಡಾಕೆ ಅಷ್ಟ್ ದೂರ ಹೋಗ್ಬೇಕಿತ್ತಾ ಟೀಚರಮ್ಮ? ಬೇಲಂ ಗವಿ ಇಲ್ಲೇ ಐತಲ್ಲ. ಬೆಳಿಗ್ಗೆ ಹೋಗಿ ಸಾಯಂಕಾಲಕ್ಕೆ ಬಂದ್ಬುಡ್ಬೋದು.”

ಅವರು ಹೇಳಿದ್ದು ಸರಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದವಳು ನಾನು. ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ಸುಣ್ಣದ ಕಲ್ಲಿನ ಗುಹೆಯ ಚಿತ್ರ ಬರೆದು, ಚಾವಣಿಯಿಂದ ಕೆಳಕ್ಕೆ ಇಳಿಯುವುದು ತೂಗುಕಲ್ಲು, ನೆಲದಿಂದ ಮೇಲಕ್ಕೆ ಏಳುವುದು ನೆಟ್ಟಕಲ್ಲು, ಎರಡೂ ಕೂಡಿದರೆ ಕಂಬ, ಎಂದು ಮಕ್ಕಳ ಬಾಯಲ್ಲಿ ಹೇಳಿಸುತ್ತಿದ್ದೆ. ಒಂದನ್ನೂ ಕಣ್ಣಿಂದ ಕಂಡಿರಲಿಲ್ಲ. ನಮ್ಮ ಕಡೆ ಇರುವುದೆಲ್ಲ ಕಗ್ಗಲ್ಲು. ಅದು ಕರಗುವುದೂ ಇಲ್ಲ, ಬೆಳೆಯುವುದೂ ಇಲ್ಲ.

ಆದರೆ ನಾವು ಹೊರಟದ್ದು ಗವಿ ನೋಡಲಿಕ್ಕಲ್ಲ. ನನ್ನ ಅಕ್ಕ ರತ್ನಕ್ಕ ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ಎದುರು ಬಳೆ, ಅರಿಶಿನ ಕುಂಕುಮದ ಅಂಗಡಿ ಇಟ್ಟಿದ್ದಾಳೆ. ಅವಳ ಒಬ್ಬಳೇ ಮಗಳು ಲತಾ ಐರ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಹೋದ ಚಳಿಗಾಲದಲ್ಲಿ, ಏಳು ತಿಂಗಳು ತುಂಬಿದ್ದಾಗ, ಲತಾಳ ಮಗು ಹೊಟ್ಟೆಯಲ್ಲೇ ಹೋಯಿತು. ಹೆಣ್ಣು ಮಗು. ಆಗ ರತ್ನಕ್ಕನ ವೀಸಾ ಇನ್ನೂ ಬಂದಿರಲಿಲ್ಲ. ಅವಳು ಅಂಗಡಿಯಲ್ಲೇ ಕೂತು, ಬಳೆಯ ಡಬ್ಬಕ್ಕೆ ಫೋನು ಒರಗಿಸಿ, ಮಗಳ ಮುಖ ನೋಡುತ್ತ ಅತ್ತಳು. ಲತಾ ಅಳಲಿಲ್ಲ. “ಅಯಾಮ್ ಫೈನ್ ಅಮ್ಮ” ಅಂದಳಂತೆ. ಆಮೇಲೆ ಆ ಮಾತನ್ನೇ ಎತ್ತಲಿಲ್ಲ.

ವೀಸಾ ಬಂದಾಗ ಬೇಸಿಗೆ. ರತ್ನಕ್ಕನಿಗೆ ಇಂಗ್ಲಿಷ್ ಬಾರದು, ಭಾವನವರು ಅಂಗಡಿ ಬಿಟ್ಟು ಬರಲಾರರು. ಹಾಗಾಗಿ ರಿಟೈರ್ ಆಗಿ ಮನೆಯಲ್ಲಿ ಕೂತಿದ್ದ ನನ್ನನ್ನು ಹೊರಡಿಸಿದಳು. “ನೀನ್ ಬಂದ್ರೆ ನಂಗೆ ಧೈರ್ಯ ಕಣೇ ಶಾರದಾ. ಆ ಪ್ಲೇನ್‌ನೋರು ಏನಾದ್ರೂ ಕೇಳಿದ್ರೆ ನೀನ್ ಹೇಳ್ತೀಯ.”

ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಕೇಳಿದರು. ರತ್ನಕ್ಕನ ಕೈಚೀಲದಲ್ಲಿ ಕುಂಕುಮದ ಭರಣಿಯ ಪಕ್ಕ ತೆಂಗಿನಕಾಯಿ ಗಾತ್ರದ ಒಂದು ಕಪ್ಪು ಉಂಡೆ ಇತ್ತು. ಸೆಕ್ಯುರಿಟಿಯ ಹುಡುಗಿ ಅದನ್ನು ಮೂಸಿದಳು, ಒತ್ತಿದಳು, ಇನ್ನೊಬ್ಬರನ್ನು ಕರೆದಳು. ನಾನು ಇದ್ದಬದ್ದ ಇಂಗ್ಲಿಷಿನಲ್ಲಿ ಹುಣಸೆಹಣ್ಣೆಂದು ವಿವರಿಸುತ್ತಿದ್ದರೆ ಅವರು ಅದನ್ನು ಎರಡು ಹೋಳು ಮಾಡಿ ಒಳಗೆ ಇಣುಕಿದರು. ರತ್ನಕ್ಕ ಹೆಮ್ಮೆಯಿಂದ, “ಬೀಜ ಎಲ್ಲಾ ತೆಗ್ದಿರೋದು ಕಣಮ್ಮ, ನೋಡ್ಕೊ,” ಅಂದಳು.

ಲತಾಳ ಮನೆ

ಆ ದೇಶ ನನ್ನನ್ನು ಮೊದಲ ದಿನದಿಂದಲೇ ಗೊಂದಲಕ್ಕೆ ಕೆಡವಿತು.

ಮೊದಲನೆಯದು ಹೊತ್ತು. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವ ಮನಸ್ಸೇ ಮಾಡುವುದಿಲ್ಲ. ಯಾಕೆಂದು ನನಗೆ ಗೊತ್ತು, ಗ್ಲೋಬ್ ತಿರುಗಿಸಿ ಪಾಠ ಮಾಡಿದ್ದೇನೆ. ಆದರೂ ಊಟ ಮುಗಿಸಿ ಪಾತ್ರೆ ತೊಳೆದ ಮೇಲೂ ಅಂಗಳದಲ್ಲಿ ಬಿಸಿಲಿದ್ದರೆ ದೇಹಕ್ಕೆ ಆ ಪಾಠ ಒಪ್ಪುವುದಿಲ್ಲ. ರತ್ನಕ್ಕ ದೇವರ ಮುಂದೆ ಎಣ್ಣೆ ಬತ್ತಿ ಇಟ್ಟುಕೊಂಡು ಕಿಟಕಿ ನೋಡುತ್ತ ಕೂರುತ್ತಿದ್ದಳು. “ಇಲ್ಲಿ ದೀಪ ಹಚ್ಚೋದು ಯಾವಾಗ್ಲೇ?” ಎಂದು ನನ್ನನ್ನು ಕೇಳುವಳು. ನನಗೇನು ಗೊತ್ತು? ಮೂರನೆಯ ದಿನ ಬೇಸತ್ತು, ಹಗಲ ಬೆಳಕಿನಲ್ಲೇ ಹಚ್ಚಿಬಿಟ್ಟಳು. ದೀಪ ಉರಿಯುತ್ತಿದೆಯೋ ಇಲ್ಲವೋ ಬಗ್ಗಿ ನೋಡಬೇಕಾಯಿತು.

ಎರಡನೆಯದು ಮಾತು. ನನ್ನ ಇಂಗ್ಲಿಷ್ ಪರವಾಗಿಲ್ಲ ಎಂದುಕೊಂಡಿದ್ದೆ. ಪಕ್ಕದ ಮನೆಯ ಮುದುಕರು ಬೇಲಿಯಾಚೆಯಿಂದ ‘ಹೇಗಿದ್ದೀರಿ’ ಎಂದರು. ನಾನು ನಿಂತು ಮಂಡಿನೋವಿನಿಂದ ಆರಂಭಿಸಿದೆ. ತಲೆ ಎತ್ತಿ ನೋಡಿದರೆ ಅವರು ಆಗಲೇ ನಾಯಿಯೊಡನೆ ತಿರುವಿನಲ್ಲಿದ್ದರು. ಅಲ್ಲಿ ಅದು ಪ್ರಶ್ನೆಯಲ್ಲ. ಉತ್ತರವೂ ಒಂದೇ: ‘ಗ್ರ್ಯಾಂಡ್’. ಮಳೆ ಬಂದರೂ ಗ್ರ್ಯಾಂಡ್, ಬಸ್ಸು ತಪ್ಪಿದರೂ ಗ್ರ್ಯಾಂಡ್. ಲತಾ ಕೂಡ ಹಾಗೇ ಅನ್ನುತ್ತಿದ್ದಳು. ನಿದ್ದೆ ಬಂತಾ ಲತಾ? ಗ್ರ್ಯಾಂಡ್ ಚಿಕ್ಕಮ್ಮ. ಡ್ಯೂಟಿ ಹೆಂಗಿತ್ತು? ಗ್ರ್ಯಾಂಡ್.

ಬಸ್ಸಿನಿಂದ ಇಳಿಯುವಾಗ ಒಬ್ಬೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾರೆ. ಕಲ್ಯಾಣದುರ್ಗದ ಬಸ್ಸಿನಲ್ಲಿ ಹಾಗೆ ಹೇಳಿದರೆ ಡ್ರೈವರು ಏನೋ ಎಡವಟ್ಟಾಗಿದೆ ಎಂದು ಕೆಳಗಿಳಿದು ಟೈರು ನೋಡಿಯಾನು. ರತ್ನಕ್ಕನಿಗೆ ಮಾತ್ರ ಈ ಪದ್ಧತಿ ಬಹಳ ಹಿಡಿಸಿತು. ಅವಳು ಮೆಟ್ಟಿಲ ಮೇಲೆ ತಿರುಗಿ ನಿಂತು ಎರಡೂ ಕೈ ಮುಗಿಯುತ್ತಿದ್ದಳು. ಹಿಂದಿನವರು ಕಾಯುತ್ತಿದ್ದರು.

ನಾವಿಬ್ಬರೂ ಮಲಗುತ್ತಿದ್ದ ಕೋಣೆಯ ಬಾಗಿಲ ಹಿಂದೆ ಒಂದು ಚಪ್ಪಟೆ ರಟ್ಟಿನ ಪೆಟ್ಟಿಗೆ ನಿಲ್ಲಿಸಿದ್ದರು. ಟೇಪು ಬಿಚ್ಚಿರಲಿಲ್ಲ. ಮೇಲೆ ಮಗುವಿನ ತೊಟ್ಟಿಲಿನ ಚಿತ್ರವಿತ್ತು. ರತ್ನಕ್ಕ ಓದು ಬಾರದಿದ್ದರೂ ಚಿತ್ರ ನೋಡಿದಳು. ನಾನೂ ನೋಡಿದೆ. ಲತಾ ಕೋಣೆಗೆ ಬಂದಾಗಲೆಲ್ಲ ಬಾಗಿಲನ್ನು ಪೂರ್ತಿ ತೆರೆದು ಪೆಟ್ಟಿಗೆ ಮರೆಯಾಗುವಂತೆ ಮಾಡುತ್ತಿದ್ದಳು. ಅಳಿಯ ಆ ತಿಂಗಳು ಕೆಲಸದ ಮೇಲೆ ಬೇರೆ ಊರಿನಲ್ಲಿದ್ದ.

ಆಮೇಲೆ ಲತಾ ರಜೆ ಹಾಕಿ ನಮ್ಮನ್ನು ದಿನವೂ ತಿರುಗಾಡಿಸಿದಳು. ಸಮುದ್ರ, ಕೋಟೆ, ಚರ್ಚು, ಇನ್ನೊಂದು ಕೋಟೆ. ಸುಮ್ಮನೆ ಕೂರಲು ಬಿಡುತ್ತಿರಲಿಲ್ಲ. “ಇವಳು ನಮ್ಗೆ ಊರು ತೋರಿಸ್ತಾ ಅವಳೋ, ನಮ್ಮಿಂದ ತಪ್ಪಿಸ್ಕೊಂಡ್ ಓಡ್ತಾ ಅವಳೋ?” ಎಂದು ರತ್ನಕ್ಕ ಒಂದು ಬೆಳಿಗ್ಗೆ ಜಡೆ ಹಾಕಿಕೊಳ್ಳುತ್ತ ಕೇಳಿದಳು.

ಕಲ್ಲುಸೀಮೆ

“ಇವತ್ತು ನಿಮ್ ಪಾಠದ್ದು ತೋರಿಸ್ತೀನಿ ಚಿಕ್ಕಮ್ಮ,” ಎಂದು ಲತಾ ಸೋಮವಾರ ಕಾರು ಹೊರಡಿಸಿದಳು. “ಚಿಕ್ಕ ಗುಹೆ. ದೊಡ್ಡದಕ್ಕೆ ತುಂಬಾ ಜನ ಬರ್ತಾರೆ. ಇದಕ್ಕೆ ಅಷ್ಟಾಗಿ ಯಾರೂ ಹೋಗಲ್ಲ.”

ಪಡುವಣದ ಕಡೆ ಒಂದು ಗಂಟೆ ಹೋದ ಮೇಲೆ ಹಸಿರು ತೆಳ್ಳಗಾಯಿತು. ಆಮೇಲೆ ಬರೀ ಕಲ್ಲು. ಬೆಟ್ಟ ಕಲ್ಲು, ಬಯಲು ಕಲ್ಲು, ಹೊಲದ ಬೇಲಿಯೂ ಕಲ್ಲು. ರತ್ನಕ್ಕ ಸೀಟಿನಲ್ಲಿ ನೆಟ್ಟಗೆ ಕೂತಳು. ಆ ದೇಶಕ್ಕೆ ಬಂದ ಮೇಲೆ ಮೊದಲ ಸಲ ಅವಳ ಮುಖದಲ್ಲಿ ಗುರುತು ಹತ್ತಿದ ಕಳೆ ಬಂತು. “ಇದು ನಮ್ಮೂರೇ ಕಣ್ರೇ! ಚೂಡು, ನೋಡು. ಕಡ್ಲೆಕಾಯಿ ಒಂದು ಹಾಕಿಲ್ಲ ಅಷ್ಟೇಯ.”

ನಮ್ಮೂರಲ್ಲ. ನಮ್ಮ ಗುಂಡುಗಳು ಒಂದರ ಮೇಲೊಂದು ಕೂತು, ಈಗ ಬೀಳುತ್ತವೆ ಆಗ ಬೀಳುತ್ತವೆ ಎನ್ನುವಂತೆ ಹೆದರಿಸುತ್ತವೆ. ಇಲ್ಲಿಯದು ಬೂದು ಬಣ್ಣದ ಚಪ್ಪಡಿ, ಯಾರೋ ಹಾಸಿ ಮರೆತು ಹೋದ ಅಂಗಳದ ಹಾಗೆ. ಮಳೆ ಅದನ್ನು ಉದ್ದುದ್ದ ಸೀಳಿದೆ. ಸೀಳಿನೊಳಗೆ ಬೆರಳುದ್ದದ ನೀಲಿ ಹೂವು. ಬೇಲಿಯ ಗೋಡೆಗಳಿಗೆ ಗಾರೆ ಇಲ್ಲ, ಕಲ್ಲುಗಳ ನಡುವೆ ಆಚೆಯ ಆಕಾಶ ಕಾಣುತ್ತದೆ. ಇಷ್ಟು ತೂತಿದ್ದೂ ಯಾಕೆ ಬೀಳುವುದಿಲ್ಲವೆಂದು ಕೇಳಿದೆ. ಗಾಳಿ ಹಾದು ಹೋಗಲೆಂದೇ ಹಾಗೆ ಕಟ್ಟುವುದಂತೆ.

ಎದುರಿಗೆ ಬಂದ ಪ್ರತಿ ಕಾರಿನವನೂ ಸ್ಟಿಯರಿಂಗಿನಿಂದ ಕೈ ತೆಗೆಯದೆ ತೋರುಬೆರಳನ್ನು ಮಾತ್ರ ಮೇಲೆತ್ತುತ್ತಿದ್ದ. ಲತಾಳೂ ಬೆರಳೆತ್ತುತ್ತಿದ್ದಳು. “ಪರಿಚಯದೋರಾ?” ಎಂದೆ. ಅಲ್ಲವಂತೆ. ರತ್ನಕ್ಕ ಕಾರು ಬಂದಾಗಲೆಲ್ಲ ಗಾಜಿನೊಳಗಿಂದ ಕೈ ಮುಗಿದಳು.

ಗವಿ

ರಸ್ತೆ ಬದಿಯಲ್ಲಿ ಒಂದು ಸಣ್ಣ ಬೋರ್ಡು, ಒಂದು ಗೇಟು, ಹೊಲದ ಮನೆ. ಗವಿ ಯಾವ ಸರ್ಕಾರದ್ದೂ ಅಲ್ಲ, ಆ ಹೊಲದ ಒಡತಿಯದು. ಅವರ ಹೆಸರು ನೋರಾ. ಎಪ್ಪತ್ತು ದಾಟಿದವರು, ಗಂಡಸಿನ ಹಾಗೆ ಗಂಬೂಟು ಹಾಕಿದ್ದರು. ಅವರ ತಾಯಿ ಹುಡುಗಿಯಾಗಿದ್ದಾಗ ಮೇಯುತ್ತಿದ್ದ ಕರುವೊಂದು ನೆಲದಲ್ಲಿ ಮಾಯವಾಯಿತಂತೆ. ಹುಡುಕಿದರೆ ತೂತು. ತೂತಿನಲ್ಲಿ ಇಳಿದರೆ ಗವಿ. ಕರು ಬದುಕಿತೇ ಎಂದು ರತ್ನಕ್ಕ ನನ್ನಿಂದ ಕೇಳಿಸಿದಳು. ಬದುಕಿತು, ಎಂಟು ಕರು ಹಾಕಿತು ಎಂದರು. ರತ್ನಕ್ಕನಿಗೆ ಸಮಾಧಾನವಾಯಿತು.

ನಮ್ಮ ಜೊತೆ ಇನ್ನೊಂದು ಗಂಡ ಹೆಂಡತಿ ಜೋಡಿ ಇತ್ತು, ಯಾವುದೋ ಬೇರೆ ದೇಶದವರು. ಎಲ್ಲರಿಗೂ ಹೆಲ್ಮೆಟ್ಟು ಕೊಟ್ಟರು. ರತ್ನಕ್ಕನ ತುರುಬಿನ ಮೇಲೆ ಅದು ಕೂರಲೊಲ್ಲದು. ತುರುಬು ಬಿಚ್ಚಿ ಜಡೆ ಇಳಿಬಿಟ್ಟಳು. ಸೀರೆ, ಅದರ ಮೇಲೆ ಲತಾಳ ಹಳದಿ ಮಳೆಕೋಟು, ನೋರಾ ಅವರ ಗಂಬೂಟು, ತಲೆಗೆ ಹೆಲ್ಮೆಟ್ಟು. “ನಿಮ್ ಭಾವ ನೋಡಿದ್ರೆ ಅಂಗ್ಡಿಗೆ ಸೇರಿಸ್ಕಣಾಕಿಲ್ಲ,” ಎಂದು ನಕ್ಕಳು. ಲತಾ ನಗಲಿಲ್ಲ. ಗವಿಯಲ್ಲಿ ಏನನ್ನೂ ಮುಟ್ಟಬಾರದೆಂದು ನೋರಾ ಹೇಳಿದ್ದನ್ನು ನಾನು ಕನ್ನಡದಲ್ಲಿ ಅಕ್ಕನಿಗೆ ಹೇಳಿದೆ. ಇದನ್ನು ಇಲ್ಲಿ ಬರೆದಿಡುತ್ತಿದ್ದೇನೆ, ಯಾಕೆಂದರೆ ಆಮೇಲೆ ಲತಾ ನನ್ನನ್ನೇ ಕೇಳಿದಳು.

ನಲವತ್ತೋ ಐವತ್ತೋ ಕಬ್ಬಿಣದ ಮೆಟ್ಟಿಲು ಇಳಿದೆವು. ಒಳಗೆ ಚಳಿ, ತೊಟ್ಟಿಕ್ಕುವ ಸದ್ದು. ನೋರಾ ಒಂದೊಂದೇ ದೀಪ ಹಾಕುತ್ತ ನಡೆದರು. ನನ್ನ ಕಪ್ಪು ಹಲಗೆಯ ಚಿತ್ರ ಜೀವ ಬಂದು ತಲೆಯ ಮೇಲೆ ತೂಗುತ್ತಿತ್ತು. ನಮ್ಮ ಮದುವೆ ಛತ್ರದಷ್ಟೂ ಅಗಲವಿಲ್ಲದ ಗವಿ. ಆದರೆ ಚಾವಣಿಯ ತುಂಬ ಪೊಳ್ಳು ಕಡ್ಡಿಯಂಥ ಬಿಳಿ ನಳಿಕೆಗಳು, ಪ್ರತಿಯೊಂದರ ತುದಿಯಲ್ಲಿ ಒಂದು ಹನಿ. ನಾನು ಲತಾಳ ಕೈ ಹಿಡಿದು, “ತೂಗುಕಲ್ಲು,” ಅಂದೆ. “ನೆಟ್ಟಕಲ್ಲು, ನೋಡಲ್ಲಿ.” ಇಷ್ಟು ದಿನದಲ್ಲಿ ಆ ದೇಶದಲ್ಲಿ ನನಗೆ ಅರ್ಥವಾದದ್ದು ಅದೊಂದೇ.

ಅದೂ ಹೆಚ್ಚು ಹೊತ್ತು ಉಳಿಯಲಿಲ್ಲ. ನೋರಾ ಟಾರ್ಚನ್ನು ಒಂದು ಮೂಲೆಗೆ ತಿರುಗಿಸಿದರು. ಅಲ್ಲಿ ಗೋಡೆಯಿಂದ ಶಾವಿಗೆಯಂಥ ಬಿಳಿ ಎಳೆಗಳು ಹೊರಟಿದ್ದವು. ಕೆಳಗಲ್ಲ, ಮೇಲಲ್ಲ. ಕೆಲವು ಅಡ್ಡಕ್ಕೆ ಹೋಗಿ, ಕೊಕ್ಕೆಯಾಗಿ ಬಗ್ಗಿ, ಮತ್ತೆ ಮೇಲಕ್ಕೆ ತಿರುಗಿದ್ದವು. ಮೊಳಕೆ ಬಂದ ಹೆಸರುಕಾಳನ್ನು ಗೋಡೆಗೆ ಎರಚಿದ ಹಾಗಿತ್ತು.

“ನೀರು ಕೆಳಕ್ಕೆ ತಾನೇ ಬೀಳುವುದು?” ಎಂದೆ. “ಇವು ಯಾಕೆ ಹೀಗೆ?”

“ತಿಳಿದವರು ಬಂದು ನೋಡಿ ಹೋಗುತ್ತಾರೆ,” ಎಂದರು ನೋರಾ. “ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನ್ನ ತಾಯಿ, ಇವಕ್ಕೆ ಕೆಳಗು ಯಾವ ಕಡೆ ಎಂದು ಗೊತ್ತಿಲ್ಲ ಪಾಪ, ಎನ್ನುತ್ತಿದ್ದಳು.”

ನಾನು ಅಲ್ಲೇ ನಿಂತುಬಿಟ್ಟೆ. ಮೂವತ್ತು ವರ್ಷದಲ್ಲಿ ಎಷ್ಟು ಮಕ್ಕಳಿಗೆ ಕಲ್ಲು ಬೆಳೆಯುವುದು ಎರಡೇ ದಿಕ್ಕಿಗೆ ಎಂದು ಹೇಳಿದೆನೋ.

ಕೊನೆಯಲ್ಲಿ ಒಂದು ಗೂಡಿನಂಥ ಜಾಗ. ಅಲ್ಲಿ ಒಂಟಿಯಾಗಿ ನಿಂತಿತ್ತು ಆ ಗವಿಯ ಹೆಸರುವಾಸಿ ನೆಟ್ಟಕಲ್ಲು. ಮಂಡಿಯುದ್ದ ಕೂಡ ಇಲ್ಲ. ಗುಂಡನೆಯ ತಲೆ, ಸಣ್ಣ ಕತ್ತು, ತುಂಬಿದ ಮೈ. ಬೆಣ್ಣೆಯ ಬಿಳುಪು, ಒಂದು ಕಲೆಯಿಲ್ಲ. ಮೇಲಿನಿಂದ ಹನಿಯೊಂದು ಬಂದು ನೆತ್ತಿಗೆ ಬೀಳುತ್ತಿತ್ತು. ತನ್ನ ಅಜ್ಜಿ ನೋಡಿದಾಗಲೂ ಇದು ಇಷ್ಟೇ ಇತ್ತು, ತಾನು ಸಾಯುವಾಗಲೂ ಇಷ್ಟೇ ಇರುತ್ತದೆ, ಎಂದರು ನೋರಾ. ರತ್ನಕ್ಕ ಅದರ ಮುಂದಿನಿಂದ ಕದಲಲಿಲ್ಲ.

“ಈಗ ಒಂದು ನಿಮಿಷ ದೀಪ ಆರಿಸುತ್ತೇನೆ. ನಿಜವಾದ ಕತ್ತಲೆ ಹೇಗಿರುತ್ತದೆ ನೋಡಿ. ಯಾರೂ ಅಲುಗಬೇಡಿ.”

ಕತ್ತಲೆ ಎಂದರೆ ಕಣ್ಣು ಮುಚ್ಚಿದರೂ ತೆರೆದರೂ ಒಂದೇ. ಹನಿ ಬೀಳುವ ಸದ್ದು ದೊಡ್ಡದಾಯಿತು. ಯಾರೋ ಉಸಿರೆಳೆದರು. ನನ್ನ ಪಕ್ಕದಲ್ಲಿ ಗಾಜಿನ ಬಳೆಗಳು ಒಂದು ಸಲ ಕಿಣಿ ಎಂದವು. ಅಕ್ಕ ಹೆಲ್ಮೆಟ್ಟು ಸರಿಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡೆ.

ದೀಪ ಬಂತು. ಇನ್ನೊಂದು ಜೋಡಿಯ ಹೆಂಗಸು ಕಿಟಾರನೆ ಕಿರುಚಿದಳು. “ರಕ್ತ!”

ಬಿಳಿ ಕಲ್ಲಿನ ಮೇಲೆ ಕೆಂಪು. ಎಲ್ಲರೂ ನೋಡುತ್ತಿದ್ದಂತೆ ಮೇಲಿನಿಂದ ಹನಿ ಬಿತ್ತು, ಕೆಂಪು ಒಂದು ಗೆರೆಯಾಗಿ ಕೆಳಗಿಳಿಯಿತು. ಯಾರಿಗೆ ಪೆಟ್ಟಾಯಿತು, ಯಾರಿಗೆ, ಎಂದು ನೋರಾ ಒಬ್ಬೊಬ್ಬರ ಮುಖಕ್ಕೂ ಟಾರ್ಚು ಹಿಡಿದರು. ಗಂಡನಾದವನು ಹೆಂಡತಿಯ ಕೈ ತಿರುಗಿಸಿ ನೋಡಿದ. ನಾನು ನನ್ನ ಕೈ ನೋಡಿಕೊಂಡೆ. ಅಷ್ಟರಲ್ಲಿ ಲತಾ ನರ್ಸಿನ ವೇಗದಲ್ಲಿ ತಾಯಿಯ ಬಲಗೈ ಹಿಡಿದು ಬೆಳಕಿಗೆ ಎತ್ತಿದ್ದಳು. ಉಂಗುರದ ಬೆರಳ ತುದಿ ಕೆಂಪಗಿತ್ತು. ಅವಳು ಅದನ್ನು ಹೆಬ್ಬೆರಳಿನಿಂದ ಉಜ್ಜಿದಳು. ಅವಳ ಮುಖ ಬದಲಾಯಿತು.

“ಅಮ್ಮ. ಏನ್ ಮಾಡ್ದೆ?”

“ಬೊಟ್ಟಿಟ್ಟೆ ಕಣಮ್ಮ,” ಎಂದಳು ರತ್ನಕ್ಕ. ಅವಳಿಗೆ ಈ ಗಲಾಟೆಯೇ ಅರ್ಥವಾಗಿರಲಿಲ್ಲ. “ಬರೀ ಹಣೇಲಿ ನಿಂತಿತ್ತು ಪಾಪ.”

ನೋರಾ ಅವರ ಅಡುಗೆಮನೆ

ನೋರಾ ಕೂಗಾಡಲಿಲ್ಲ. ಕೂಗಾಡಿದ್ದರೆ ಸುಲಭವಾಗುತ್ತಿತ್ತು. ಎಲ್ಲರನ್ನೂ ಮೇಲಕ್ಕೆ ಕಳಿಸಿ, ತಾವೊಬ್ಬರೇ ಒಳಗೆ ಸ್ವಲ್ಪ ಹೊತ್ತು ಉಳಿದು ಆಮೇಲೆ ಬಂದರು. ಇನ್ನೊಂದು ಜೋಡಿ ನಮ್ಮ ಕಡೆ ನೋಡದೆ ಹೊರಟು ಹೋಯಿತು. “ನೀವು ಒಳಗೆ ಬನ್ನಿ,” ಎಂದರು ನಮಗೆ.

ಅಡುಗೆಮನೆಯಲ್ಲಿ ಕೂರಿಸಿ ಟೀ ಬೇಕೇ ಎಂದರು. ಬೇಡ ಎಂದೆ. ಕುಡಿಯುತ್ತೀರಿ ಎಂದರು. ಬೇಡ ಎಂದೆ. ಕುಡಿದೇ ಕುಡಿಯುತ್ತೀರಿ ಎಂದು ಕೆಟಲ್ ಇಟ್ಟರು. ನಮ್ಮಲ್ಲೂ ಮೂರು ಸಲ ಒತ್ತಾಯವಿದೆ. ಆದರೆ ಮನೆಗೆ ನಷ್ಟ ಮಾಡಿದವರನ್ನು ಒತ್ತಾಯ ಮಾಡುವುದನ್ನು ನಾನು ಕಂಡಿರಲಿಲ್ಲ. ಇದು ಮರ್ಯಾದೆಯೋ, ವಿಚಾರಣೆಗೆ ಮುಂಚಿನ ಸಿದ್ಧತೆಯೋ ತಿಳಿಯದೆ ಕಪ್ಪು ಹಿಡಿದು ಕೂತೆ.

“ಅದು ಯಾವುದರಿಂದ ಮಾಡಿದ ಪುಡಿ?” ಎಂದು ನೋರಾ ಕೇಳಿದರು. ಲತಾ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು.

ನಾನು ಟೀಚರ ದನಿಯಲ್ಲಿ ಆರಂಭಿಸಿದೆ. ಕುಂಕುಮ ಎಂದರೆ ಅರಿಶಿನ, ಅದಕ್ಕೆ ಸುಣ್ಣ ಬೆರೆಸಿದಾಗ ಕೆಂಪಾಗುತ್ತದೆ. ನಿಮ್ಮ ಗವಿಯೂ ಸುಣ್ಣದ್ದೇ. ಹಾಗಾಗಿ ತೊಂದರೆಯೇನೂ ಇಲ್ಲ. ಹೇಳುತ್ತ ಹೇಳುತ್ತ ನನಗೇ ಧೈರ್ಯ ಬಂತು. ನೋರಾ ಅವರ ಹುಬ್ಬು ಸ್ವಲ್ಪ ಸಡಿಲವಾಯಿತು.

“ಏನಂತ ಹೇಳ್ದೆ?” ಎಂದಳು ರತ್ನಕ್ಕ. ಹೇಳಿದೆ.

ಅವಳು ಕಪ್ಪನ್ನು ಕೆಳಗಿಟ್ಟಳು. “ಸುಳ್ಳೇಳ್ಬ್ಯಾಡ ಶಾರದಾ. ಇದು ಅರಿಶಿಣದ್ದಲ್ಲ. ಪ್ಯಾಕೆಟ್ಟಿಂದು, ಬಣ್ಣ ಹಾಕಿರೋದು. ನಮ್ಮಂಗ್ಡೀದೇ ತಾನೆ? ಸೀರೆಗಂಟಿದ್ರೆ ಎರಡ್ ಒಗೆತಕ್ಕೂ ಹೋಗಾಕಿಲ್ಲ. ಆಯಮ್ಮನಿಗೆ ನಿಜ ಹೇಳು.”

“ಅಕ್ಕ, ಊರ್ಕೋ, ಸುಮ್ನಿರು…”

“ನೀನ್ ಹೇಳ್ತೀಯೋ, ನಾನೇ ಹೇಳ್ಲೋ?” ಅವಳಿಗೆ ಒಂದು ಪದ ಇಂಗ್ಲಿಷ್ ಬಾರದು. ಆದರೂ ನೋರಾ ಅವರ ಕಡೆ ತಿರುಗಿ, ತನ್ನ ಸೆರಗಿನ ಅಂಚಿನ ಹಳೆಯ ಕೆಂಪು ಕಲೆಯೊಂದನ್ನು ಬೆರಳಿನಿಂದ ಉಜ್ಜಿ ತೋರಿಸಿ, ಹೋಗುವುದಿಲ್ಲ ಎಂದು ಕೈಯಾಡಿಸಿದಳು.

ನೋರಾ ಆ ಕಲೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನನ್ನ ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ನಿಜ ಹೇಳಿದೆ.

“ಹಾಗಾದರೆ ಬೇಗ ತೆಗೆಯಬೇಕು,” ಎಂದರು. “ಆ ಹನಿ ತರುವ ಸುಣ್ಣ ಅದರ ಮೇಲೆ ಕೂತರೆ, ಬಣ್ಣ ಒಳಗೇ ಉಳಿದುಹೋಗುತ್ತದೆ. ಇವತ್ತು ಸಂಜೆಯವರೆಗೂ ಜನ ಬರುವವರಿದ್ದಾರೆ, ಅವರನ್ನು ಆ ಗೂಡಿಗೆ ಬಿಡುವುದಿಲ್ಲ. ನಾಳೆ ಎಂಟು ಗಂಟೆಗೆ ಬನ್ನಿ. ಹತ್ತಕ್ಕೆ ಮೊದಲ ಗುಂಪು ಬರುತ್ತದೆ.” ರತ್ನಕ್ಕನ ಕಡೆ ಬೆರಳು ತೋರಿದರು. “ಇಟ್ಟವರೇ ತೆಗೆಯಬೇಕು.”

ದಾರಿಯಲ್ಲಿ

ಕಾರಿನಲ್ಲಿ ಲತಾ ಒಂದೇ ಸಮನೆ ಮಾತಾಡಿದಳು. “ನಾನು ಇಲ್ಲಿ ಬಾಳ್ಬೇಕು ಅಮ್ಮ. ನೀವು ಇನ್ನೆರಡು ವಾರಕ್ಕೆ ಹೋಗ್ತೀರ. ನಾಳೆ ಆಸ್ಪತ್ರೇಲಿ ಯಾರಾದ್ರೂ ಕೇಳಿದ್ರೆ ನಾನೇನ್ ಹೇಳ್ಲಿ? ಮುಟ್ಟಬಾರದು ಅಂತ ಹೇಳಿದ್ರು ತಾನೇ? ಚಿಕ್ಕಮ್ಮ, ನೀವ್ ಹೇಳಿದ್ರಾ ಇಲ್ವಾ?”

“ಹೇಳಿದ್ದೆ,” ಅಂದೆ.

“ಹೇಳಿದ್ಲು,” ಅಂದಳು ರತ್ನಕ್ಕ. “ಕೇಳಿಸ್ಕೊಂಡಿದ್ದೆ. ಕತ್ತಲಾಗ್ತಿದ್ದಂಗೆ ಕೈ ಹೋಗ್ಬುಟ್ತು.”

“ಕೈ ಹೋಗ್ಬುಟ್ತಾ? ಏನ್ ಮಾತಮ್ಮ ಅದು? ಕಲ್ಲು ಕಂಡ್ರೆ ದೇವರು! ನಿಮ್ಗೆ ಎಲ್ಲಾ ದೇವರೇನಾ?”

“ದೇವ್ರು ಅಂತ ಯಾರ್ ಅಂದ್ರು?”

ನಾನು ಹಿಂದಿನ ಸೀಟಿನಲ್ಲಿ ಇನ್ನಷ್ಟು ಗೊಂದಲಕ್ಕೆ ಬಿದ್ದೆ. ನಾನೂ ಲಿಂಗವೆಂದೇ ಬೊಟ್ಟಿಟ್ಟಳು ಅಂದುಕೊಂಡಿದ್ದೆ.

ರತ್ನಕ್ಕ ಕಿಟಕಿಯ ಆಚೆ ನೋಡುತ್ತ ಮೆಲ್ಲಗೆ ಹೇಳಿದಳು: “ನಿನ್ ಮಗೀಗೆ ನಾನು ಏನೂ ಮಾಡ್ನಿಲ್ಲ ಕಣಮ್ಮ. ಒಂದ್ ಚೊಂಬು ನೀರ್ ಹಾಕ್ನಿಲ್ಲ. ಒಂದ್ ಬೊಟ್ಟಿಡ್ನಿಲ್ಲ. ಮುಖಾನೂ ನೋಡ್ನಿಲ್ಲ. ಹೆಂಗಿತ್ತು ಅಂತ ನೀನೂ ಹೇಳ್ನಿಲ್ಲ.”

ಕಾರು ನಿಂತಿತು. ರಸ್ತೆ ಮಧ್ಯದಲ್ಲೇ. ಎರಡೂ ಕಡೆ ಕಲ್ಲಿನ ಗೋಡೆ. ಲತಾ ಸ್ಟಿಯರಿಂಗ್ ಹಿಡಿದು ಮುಂದೆ ನೋಡುತ್ತಿದ್ದಳು. ಹಿಂದೆ ಒಂದು ಟ್ರ್ಯಾಕ್ಟರು ಬಂದು ನಿಂತಿತು. ನಮ್ಮ ಕಡೆಯಾಗಿದ್ದರೆ ಹಾರ್ನು ಬೆಟ್ಟಕ್ಕೆ ಕೇಳುತ್ತಿತ್ತು. ಆ ಮನುಷ್ಯ ಎಂಜಿನು ಆರಿಸಿ ಕೂತ. ಎಷ್ಟೋ ಹೊತ್ತು ಕೂತ.

“ಬೆಳ್ಳಗಿತ್ತು,” ಎಂದಳು ಲತಾ ಕಡೆಗೆ. “ತುಂಬಾ ಬೆಳ್ಳಗಿತ್ತು ಅಮ್ಮ. ಕೂದಲಿತ್ತು.”

ರತ್ನಕ್ಕ ತಲೆಯಾಡಿಸಿದಳು. ಲತಾ ಕಾರನ್ನು ಪಕ್ಕಕ್ಕೆ ಒತ್ತಿದಳು. ಟ್ರ್ಯಾಕ್ಟರಿನವನು ದಾಟುವಾಗ ಒಂದು ಬೆರಳೆತ್ತಿದ. ಈ ಸಲ ಮೂವರಲ್ಲಿ ಯಾರೂ ಉತ್ತರ ಕೊಡಲಿಲ್ಲ.

ಮಂಗಳವಾರ ಬೆಳಿಗ್ಗೆ

ಎಂಟಕ್ಕೆ ಐದು ನಿಮಿಷವಿರುವಾಗಲೇ ನೋರಾ ಗೇಟಿನಲ್ಲಿದ್ದರು. ಕೈಯಲ್ಲಿ ಬಕೆಟ್ಟು, ಒಂದು ಪ್ಲಾಸ್ಟಿಕ್ ಮಗ್ಗು, ಮೆತ್ತನೆಯ ಸ್ಪಂಜು, ಬಣ್ಣ ಬಳಿಯುವ ನಯವಾದ ಬ್ರಷ್ಷು, ಮೂರು ಜೊತೆ ರಬ್ಬರ್ ಗ್ಲೌಸು. ಸೋಪು ಕೂಡದು, ನಲ್ಲಿಯ ನೀರೂ ಕೂಡದು ಎಂದರು. ಗವಿಯ ಕೊಳದ ನೀರನ್ನೇ ಬಳಸಬೇಕು, ತಿಕ್ಕಬಾರದು, ಸುರಿದು ಒತ್ತಿ ತೆಗೆಯಬೇಕು. ನಾನು ಒಂದೊಂದನ್ನೂ ಎರಡೆರಡು ಸಲ ಅಕ್ಕನಿಗೆ ಹೇಳಿದೆ.

“ಗೊತ್ತಾಯ್ತು ಕಣೇ,” ಎಂದು ಅವಳು ಬಳೆಗಳನ್ನು ಮೇಲಕ್ಕೆ ಒತ್ತಿ ಗ್ಲೌಸು ಹಾಕಿಕೊಂಡಳು. ಎಲ್ಲಿಗೆ ಹೋದರೂ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಕುಂಕುಮದ ಭರಣಿಯನ್ನು ಅಂದು ಅವಳು ಮನೆಯಲ್ಲೇ ಬಿಟ್ಟು ಬಂದಿದ್ದಳು.

ಕೆಳಗೆ ಟಾರ್ಚಿನ ಬೆಳಕಿನಲ್ಲಿ ಆ ಕಲ್ಲು ನಿನ್ನೆಗಿಂತ ಕೆಟ್ಟದಾಗಿ ಕಂಡಿತು. ಇಡೀ ದಿನ, ಇಡೀ ರಾತ್ರಿ ಹನಿ ಬಿದ್ದು ಕೆಂಪು ಅರ್ಧ ಮೈಗೆ ಹರಡಿತ್ತು. ರತ್ನಕ್ಕ ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಮೊದಲು ಬ್ರಷ್ಷು ತೆಗೆದುಕೊಂಡಳು, ನೋಡಿ ಪಕ್ಕಕ್ಕಿಟ್ಟಳು. ಮಗ್ಗಿನಲ್ಲಿ ನೀರು ತೆಗೆದು ನೆತ್ತಿಯ ಮೇಲೆ ಸಣ್ಣಗೆ ಧಾರೆ ಬಿಟ್ಟಳು. ಇನ್ನೊಂದು ಕೈಯಲ್ಲಿ ಸ್ಪಂಜು ಒತ್ತಿ ಹಿಡಿದಳು. ತಿಳಿಗೆಂಪು ನೀರು ಬಕೆಟ್ಟಿಗೆ ಇಳಿಯಿತು.

ಅವಳ ತುಟಿ ಅಲುಗುತ್ತಿತ್ತು. ಮಂತ್ರವೋ ಏನೋ ಹೇಳಿಕೊಳ್ಳುತ್ತಿದ್ದಾಳೆ, ನೋರಾ ಶಿಕ್ಷೆಯೆಂದು ಕೊಟ್ಟದ್ದನ್ನು ಇವಳು ಅಭಿಷೇಕ ಮಾಡಿಕೊಂಡಳು ಎಂದು ನನಗೆ ಗಾಬರಿಯಾಯಿತು. ಹೇಗಾದರೂ ತಡೆಯೋಣವೆಂದು ಹತ್ತಿರ ಬಗ್ಗಿದೆ. ಆಗ ಕೇಳಿಸಿತು.

“ಕತ್ತೆತ್ತಮ್ಮ… ಹಂಗೆ. ಆಯ್ತು ಆಯ್ತು. ಕಿವಿಗೆ ಬಿಡಲ್ಲ ಬಂಗಾರಿ, ಕಿವಿಗೆ ಬಿಡಲ್ಲ. ಇನ್ನೊಂದೇ ಚೊಂಬು. ಇನ್ನೊಂದೇ.”

ಕಲ್ಯಾಣದುರ್ಗದಲ್ಲಿ ಅವರ ಬೀದಿಯ ಕೂಸುಗಳಿಗೆಲ್ಲ ನೀರೆರೆದವಳು ರತ್ನಕ್ಕ. ನನ್ನ ಮಕ್ಕಳಿಗೂ ಅವಳೇ ಎರೆದದ್ದು. ಕಾಲ ಮೇಲೆ ಮಲಗಿಸಿಕೊಂಡು ಇದೇ ಮಾತು ಆಡುತ್ತಿದ್ದಳು. ಇನ್ನೊಂದೇ ಎನ್ನುತ್ತ ಹತ್ತು ಚೊಂಬು ಹಾಕುತ್ತಿದ್ದಳು.

ನಾನು ಹಿಂದೆ ಸರಿದೆ. ಮೂವತ್ತು ವರ್ಷ ಮಕ್ಕಳ ಪ್ರಶ್ನೆಗೆ ಉತ್ತರ ಕೊಟ್ಟವಳಿಗೆ, ಈಗ ನಡೆಯುತ್ತಿರುವುದಕ್ಕೆ ಏನು ಹೆಸರೆಂದು ತಿಳಿಯಲಿಲ್ಲ. ಇದು ತೊಳೆಯುವುದೇ? ಎರೆಯುವುದೇ? ನಾವು ಮಾಡಬಾರದ್ದನ್ನು ಎರಡನೆಯ ಸಲ ಮಾಡುತ್ತಿದ್ದೇವೆಯೇ? ಪಕ್ಕದ ಗೋಡೆಯಲ್ಲಿ ಆ ಶಾವಿಗೆ ಎಳೆಗಳು ತಮಗೆ ತೋಚಿದ ಕಡೆಗೆಲ್ಲ ಹೋಗಿದ್ದವು.

“ಏನು ಹೇಳುತ್ತಿದ್ದಾರೆ?” ಎಂದು ನೋರಾ ಲತಾಳನ್ನು ಕೇಳಿದರು.

ಲತಾ ಬಾಯಿ ತೆರೆದಳು. ಗ್ರ್ಯಾಂಡ್ ಎನ್ನುವಳೇನೋ ಎಂದುಕೊಂಡೆ. ಅವಳು ಗೋಡೆಯ ಕಡೆ ತಿರುಗಿದಳು. ನೋರಾ ನನ್ನ ಕಡೆ ನೋಡಿದರು. ನಿನ್ನೆ ಸುಳ್ಳು ಹೇಳಿದ್ದೆ. ಇವತ್ತು ಪೂರ್ತಿ ನಿಜ ಹೇಳುವಷ್ಟು ಇಂಗ್ಲಿಷ್ ನನ್ನಲ್ಲಿರಲಿಲ್ಲ.

“ಮಗುವಿಗೆ ಸ್ನಾನ ಮಾಡಿಸುತ್ತಿದ್ದಾಳೆ,” ಎಂದೆ. ಲತಾಳತ್ತ ತೋರಿಸಿ, “ಇವಳ ಮಗುವಿಗೆ. ಅದು ಉಳಿಯಲಿಲ್ಲ.”

ನೋರಾ ಟಾರ್ಚನ್ನು ಸ್ವಲ್ಪ ಕೆಳಗಿಳಿಸಿ, ರತ್ನಕ್ಕನ ಕಣ್ಣಿಗೆ ಹೊಡೆಯದಂತೆ ಹಿಡಿದರು.

ಕೆಂಪು ಹೋಗುತ್ತ ಬಂತು. ಹಣೆಯ ಹತ್ತಿರ, ಕತ್ತಿನ ಸಂದಿನಲ್ಲಿ ಮಾತ್ರ ಗುಲಾಬಿ ಛಾಯೆ ನಿಂತಿತ್ತು. ಲತಾ ಮುಂದೆ ಬಂದು ಒದ್ದೆ ನೆಲದಲ್ಲಿ ತಾಯಿಯ ಪಕ್ಕ ಕೂತಳು. ಗ್ಲೌಸು ಹಾಕಿಕೊಂಡಳು.

“ಮಗ್ ಇಲ್ಲಿ ಕೊಡಮ್ಮ.”

ರತ್ನಕ್ಕ ಕೊಟ್ಟಳು. ಲತಾ ನೀರು ತೆಗೆದು, ಎಷ್ಟು ಎತ್ತರದಿಂದ ಬಿಡಬೇಕೆಂದು ಗೊತ್ತಾಗದೆ, ಹಾಗೇ ಹಿಡಿದಳು.

“ಕಣ್ಣಿಗೆ ಬಿಟ್ಟೀಯ,” ಎಂದಳು ರತ್ನಕ್ಕ. “ಹಣೆಗೆ ಕೈ ಅಡ್ಡ ಇಡು. ಹಂಗೆ. ಈಗ್ ಹಾಕು.”

ಲತಾ ಎಡಗೈಯನ್ನು ಆ ಬಿಳಿ ಹಣೆಗೆ ಅಡ್ಡವಿಟ್ಟು ನೀರು ಬಿಟ್ಟಳು. ಅವಳ ಭುಜ ಕುಲುಕತೊಡಗಿತು. ರತ್ನಕ್ಕ ಅವಳನ್ನು ಹಿಡಿಯಲಿಲ್ಲ, ಸ್ಪಂಜು ಒತ್ತುತ್ತ, “ಇನ್ನೊಂದೇ,” ಎಂದಳು.

ಮೇಲೆ ಗೇಟಿನ ಗಂಟೆ ಬಾರಿಸಿದ ಸದ್ದು ಕೇಳಿತು. ಹತ್ತರ ಗುಂಪು. ನೋರಾ ಗಡಿಯಾರ ನೋಡಿದರು, ಕಲ್ಲು ನೋಡಿದರು, ಟಾರ್ಚನ್ನು ನನ್ನ ಕೈಗೆ ಕೊಟ್ಟರು. ಆಮೇಲೆ ಹೆಲ್ಮೆಟ್ಟು ಸರಿಮಾಡಿಕೊಂಡು, ಅವರನ್ನು ಕಾಯಲು ಹೇಳಲೆಂದು ಮೆಟ್ಟಿಲು ಹತ್ತಿ ಹೋದರು.